ಮೇದಾರ ಓಣಿಯ ಕೊನೆಯ ಪಂಕ್ತಿ

ಗಿಡಕ್ಕೆ ಹೃದಯವಿಲ್ಲ. ಇದು ನಾನು ಸಿಟ್ಟಿನಲ್ಲಿ ಆಡುವ ಮಾತಲ್ಲ, ಸಸ್ಯಶಾಸ್ತ್ರದ ಮೊದಲ ಪಾಠ. ನಮ್ಮ ಮೈಯಲ್ಲಿ ರಕ್ತವನ್ನು ತಳ್ಳಲು ಒಂದು ಪಂಪು ಇದೆ, ಗಿಡಕ್ಕೆ ಅಂಥದ್ದೇನೂ ಇಲ್ಲ. ಎಲೆ ಬಿಸಿಲಿನಲ್ಲಿ ಸಕ್ಕರೆ ಮಾಡುತ್ತದೆ. ಆ ಸಕ್ಕರೆ ತೊಗಟೆಯ ಒಳಗಿನ ಸಣ್ಣ ನಾಳಗಳನ್ನು ಸೇರುತ್ತದೆ. ಸಕ್ಕರೆ ಇದ್ದಲ್ಲಿಗೆ ನೀರು ನುಗ್ಗುತ್ತದೆ, ಒತ್ತಡ ಏರುತ್ತದೆ. ಇನ್ನೊಂದು ತುದಿಯಲ್ಲಿ ಕಾಯಿಯೋ ಬೇರೋ ಚಿಗುರೋ ಆ ಸಕ್ಕರೆಯನ್ನು ಹೀರಿಕೊಳ್ಳುತ್ತದೆ, ಅಲ್ಲಿ ಒತ್ತಡ ಇಳಿಯುತ್ತದೆ. ಏರಿದ ಕಡೆಯಿಂದ ಇಳಿದ ಕಡೆಗೆ ಪಾಕ ತಾನಾಗಿ ಹರಿಯುತ್ತದೆ. ಯಾರೂ ತಳ್ಳುವುದಿಲ್ಲ, ಯಾರೂ ಹಂಚುವುದಿಲ್ಲ. ಹೆಚ್ಚು ಹೀರಿದವರಿಗೆ ಹೆಚ್ಚು.

ಒಂದು ಇಡೀ ಊರಿಗೆ ಹೀಗೇ ಊಟ ಹಾಕಿದರೆ ಹೇಗೆ ಎಂದು ಒಬ್ಬರಿಗೆ ಹೊಳೆಯಿತು. ಹೊಳೆದದ್ದು ನಮ್ಮ ಮುಖ್ಯ ಎಂಜಿನಿಯರ್ ಹಂಪಿಹೊಳಿ ಸಾಹೇಬರಿಗೆ. ಉಣ್ಣಬೇಕಾದ ಊರು ನಮ್ಮ ಎರೆಹಾಳ.

ಎರೆಹಾಳದ ಸುತ್ತಲಿನ ಕಪ್ಪು ಹೊಲಗಳೆಲ್ಲ ಈಗ ಎಲೆಮನೆಗಳು. ಗಾಜಿನ ಚಪ್ಪರದಡಿ, ಬಿದಿರಿನ ತಟ್ಟಿಗಳ ಮೇಲೆ ಹಾಸಿದ ಹಸಿರು ಹಾಳೆಗಳು ಬಿಸಿಲು ಕುಡಿದು ಪಾಕ ಮಾಡುತ್ತವೆ. ಆ ಪಾಕ ಊರಿಗೆ ಬರುವುದು ಕಬ್ಬಿಣದ ಪೈಪಿನಲ್ಲಲ್ಲ, ಬಳ್ಳಿಯ ತೊಗಟೆಯನ್ನು ಹಿಗ್ಗಿಸಿ ಬೆಳೆಸಿದ ಜೀವಂತ ನಾಳದಲ್ಲಿ. ನಾಳ ಓಣಿ ಓಣಿಗೆ ಕವಲೊಡೆದು ಮನೆ ಮನೆಯ ಪೆಟ್ಟಿಗೆಗೆ ಸೇರುತ್ತದೆ. ಪೆಟ್ಟಿಗೆ ಅದನ್ನು ಜೋಳದ ಹಿಟ್ಟೋ ಬೇಳೆಯೋ ಬೆಲ್ಲವೋ ಮಾಡಿ ಕೊಡುತ್ತದೆ. ತೆಗೆದದ್ದನ್ನು ಅಂದೇ ಉಣ್ಣಬೇಕು, ಇಟ್ಟರೆ ಬೆಳಗಾಗುವಷ್ಟರಲ್ಲಿ ಹುಳಿ.

ಮೊದಮೊದಲು ನಾವೂ ಹಿಗ್ಗಿದೆವು, ಸುಳ್ಳೇಕೆ ಹೇಳಲಿ. ಪಡಿತರ ಅಂಗಡಿಯ ಮುಂದೆ ಸಾಲು ನಿಲ್ಲಬೇಕಿಲ್ಲ, ತೂಕದಲ್ಲಿ ಮೋಸವಿಲ್ಲ, ನಲ್ಲಿ ನೀರಿಗೆ ಮಾಡುವಂತೆ ವಾಲ್ವ್ ತಿರುಗಿಸುವವನ ಕೈ ಬೆಚ್ಚಗೆ ಮಾಡಬೇಕಿಲ್ಲ. ಆದರೆ ಗಿಡದ ಇನ್ನೊಂದು ಗುಣವನ್ನು ಯಾರೂ ನಮಗೆ ಬಿಡಿಸಿ ಹೇಳಿರಲಿಲ್ಲ. ಒಂದು ಕವಲು ಹೀರುವುದನ್ನು ಕಡಿಮೆ ಮಾಡಿದರೆ, ಅದು ಸಾಯುತ್ತಿದೆ ಎಂದು ನಾಳ ತಿಳಿಯುತ್ತದೆ. ನಾಳದೊಳಗೆ ಗೆಣ್ಣು ಗೆಣ್ಣಿಗೂ ಜರಡಿಯಂಥ ಪರದೆಗಳಿವೆ. ಆ ತೂತುಗಳಲ್ಲಿ ಅಂಟು ಕಟ್ಟತೊಡಗುತ್ತದೆ. ಅಂಟು ಹಸಿಯಾಗಿರುವಾಗ ಮತ್ತೆ ಜೋರಾಗಿ ಹೀರಿದರೆ ಕರಗುತ್ತದೆ, ಒಮ್ಮೆ ಗಟ್ಟಿಯಾಯಿತೋ ಆ ಕವಲಿನ ಕಥೆ ಮುಗಿಯಿತು.

ಕುಂಬಾರ ಓಣಿ ಹೀಗೇ ಹೋಯಿತು. ಓಣಿಗೆ ಓಣಿಯೇ ಒಂದು ಮದುವೆಗೆಂದು ಬೇರೆ ಊರಿಗೆ ಹೋಗಿ, ಬೀಗರ ಮನೆಯಲ್ಲಿ ಹೊಟ್ಟೆ ತುಂಬ ಉಂಡು, ಹಾಡುತ್ತ ವಾಪಸು ಬಂದರೆ ಪೆಟ್ಟಿಗೆಗಳೆಲ್ಲ ಒಣಗಿದ್ದವು. ಅವರು ನಮ್ಮ ಕಚೇರಿಯ ಮುಂದೆ ಬಂದು ಕೂತಾಗ ಹಂಪಿಹೊಳಿ ಸಾಹೇಬರು ಮೆಟ್ಟಿಲ ಮೇಲೆ ನಿಂತು ಹೇಳಿದ್ದು ನನಗೆ ಅಕ್ಷರಶಃ ನೆನಪಿದೆ. “ನಿಮ್ಮನ್ನು ಯಾರೂ ಕೈಬಿಟ್ಟಿಲ್ಲ. ಇಲ್ಲಿ ನಿರ್ಧಾರ ಮಾಡುವವರೇ ಇಲ್ಲ. ಇದು ಪ್ರಕೃತಿಯ ನಿಯಮ.”

ಎಷ್ಟು ಸುಖದ ಮಾತು ನೋಡಿ. ಕೊಂದವರೂ ಇಲ್ಲ, ಕೊಲೆಯೂ ಇಲ್ಲ, ಹೆಣ ಮಾತ್ರ ಇದೆ.

ನಾನು ಸಾವಂತ್ರಿ. ಆ ಕಚೇರಿಯ ನಿಯಂತ್ರಣ ಕೊಠಡಿಯಲ್ಲಿ ಹಗಲು ಪಾಳಿಯ ಎಂಜಿನಿಯರ್. ನನ್ನ ಎದುರಿನ ಗೋಡೆಯ ಮೇಲೆ ಇಡೀ ಊರು ಬೆಳಕಿನ ಮರದಂತೆ ಹರಡಿಕೊಂಡಿದೆ. ಚೆನ್ನಾಗಿ ಹೀರುವ ಓಣಿ ಹಸಿರು, ಸೊರಗಿದ್ದು ಹಳದಿ, ಸತ್ತದ್ದು ಕಪ್ಪು. ಮರದ ತುದಿಯಲ್ಲಿ ಯಾವಾಗಲೂ ಕಡುಹಸಿರಾಗಿ ಉರಿಯುವುದು ಹೂದೋಟ ಬಡಾವಣೆ. ಅಲ್ಲಿಯವರು ಪಾಕವನ್ನು ಉಣ್ಣುವುದಷ್ಟೇ ಅಲ್ಲ, ಸುಡುತ್ತಾರೆ. ಅಂಗಳದ ದೀಪಕ್ಕೆ, ಹಜಾರ ತಂಪು ಮಾಡುವುದಕ್ಕೆ, ಕಾರಂಜಿ ಚಿಮ್ಮಿಸುವುದಕ್ಕೆ. ಹೊಟ್ಟೆಗೆ ಹೋಗುವುದು ಹಿಡಿಯಷ್ಟು, ಬೂದಿಯಾಗುವುದು ಬಂಡಿಯಷ್ಟು. ಹೆಚ್ಚು ಸುಟ್ಟಷ್ಟೂ ನಾಳ ಅವರನ್ನು ಬೆಳೆಯುವ ಕಾಯಿ ಎಂದು ತಿಳಿದು ಇನ್ನಷ್ಟು ಕಳಿಸುತ್ತದೆ. ಹೊಟ್ಟೆ ತುಂಬಿದ ಮೇಲೆ ಹುಗ್ಗಿ ಮುಳ್ಳು ಅನ್ನುತ್ತಾರಲ್ಲ, ಅವರಿಗೆ ಮುಳ್ಳೂ ಚುಚ್ಚುವುದಿಲ್ಲ.

ಆ ವರ್ಷ ಶ್ರಾವಣ ಶುರುವಾಗಿ ವಾರ ಕಳೆಯುವಷ್ಟರಲ್ಲಿ ಗೋಡೆಯ ಮೇಲೆ ಮೇದಾರ ಓಣಿ ಹಳದಿಯಾಯಿತು. ನಾನು ಹುಟ್ಟಿದ ಓಣಿ ಅದು. ನನ್ನವ್ವ ಇರುವುದು ಅಲ್ಲೇ.

ಪಾಳಿ ಮುಗಿಸಿ ನೇರ ಅಲ್ಲಿಗೆ ಹೋದೆ. ಅವ್ವ ಫಕೀರವ್ವ ಕಟ್ಟೆಯ ಮೇಲೆ ಕೂತು ಬಿದಿರು ಸೀಳುತ್ತಿದ್ದಳು. ಎದುರಿಗೆ ಮಾಬೂಬಿ ಮೊರಕ್ಕೆ ಅಂಚು ಕಟ್ಟುತ್ತಿದ್ದಳು. ಮಾಬೂಬಿ ಕುಂಬಾರ ಓಣಿಯವಳು. ಅಲ್ಲಿ ನಾಳ ಸತ್ತ ಮೇಲೆ ಅವ್ವ ಅವಳನ್ನು ಕರೆತಂದು ನಮ್ಮ ಹಿಂದಿನ ಕೋಣೆಯಲ್ಲಿ ಇರಿಸಿಕೊಂಡಿದ್ದಳು. ಗಡಿಗೆ ಮಾಡುವ ಕೈ ಬುಟ್ಟಿ ಹೆಣೆಯಲು ಕಲಿತಿತ್ತು.

“ಯವ್ವಾ, ಒಪ್ಪತ್ತು ಬಿಡು. ಓಣಿಗೆಲ್ಲಾ ಹೇಳು. ಎರಡೂ ಹೊತ್ತು ಪೆಟ್ಟಿಗಿ ತೆಗೀರಿ” ಎಂದೆ.

“ಶ್ರಾವಣದಾಗ?” ಎಂದಳು ಅವ್ವ, ತಲೆ ಎತ್ತದೆ. ಶ್ರಾವಣ ಪೂರ್ತಿ ನಮ್ಮ ಓಣಿ ಒಂದೇ ಹೊತ್ತು ಉಣ್ಣುತ್ತದೆ, ಅದೂ ಸಂಜೆ ಪುರಾಣ ಕೇಳಿ ಬಂದ ಮೇಲೆ.

“ಹೌದು, ಶ್ರಾವಣದಾಗ. ಅರ್ಧಾ ಉಂಡ್ರ ಓಣಿ ಸಾಯಾಕತ್ತೈತಿ ಅಂತ ನಾಳ ತಿಳಕೊಂತೈತಿ. ಮುಚ್ಚಿಬಿಡತೈತಿ.”

ಅವ್ವ ಈಗ ತಲೆ ಎತ್ತಿದಳು. “ಒಂದ್ ಹೊತ್ತು ಬ್ಯಾಡ ಅಂದ್ರ ಎಂದಿಗೂ ಬ್ಯಾಡ ಅಂತ ತಿಳಕೊಳ್ಳೂದೇನು? ನಿಮ್ಮ ಸಾಹೇಬನ್ನ ಯಾರೂ ಒಮ್ಮೆರ ಊಟಕ್ಕ ಕರದಿಲ್ಲೇನು? ಸಾಕು ಅಂದವರಿಗೆ ಇನ್ನೊಂದ್ ರೊಟ್ಟಿ ಹಾಕಬೇಕು ಅನ್ನೂದು ಅವಗ ಗೊತ್ತಿಲ್ಲೇನು?”

“ಗೊತ್ತಿಲ್ಲ. ಅದು ಗಿಡದ ಲೆಕ್ಕ ಯವ್ವಾ, ಮನಷ್ಯಾರದಲ್ಲ.”

“ಹಂಗಾರ ಗಿಡಾನ ಉಣಲಿ.”

ನನಗೆ ತಾಳ್ಮೆ ತಪ್ಪಿತು. “ಉಪವಾಸಾನರ ಮಾಡ್ರಿ, ಏನರ ಮಾಡ್ರಿ. ಪೆಟ್ಟಿಗಿ ತೆಗದು ಹಿಟ್ಟು ಗಟಾರಕ್ಕ ಸುರೀರಿ. ನಾಳಕ್ಕ ಅದು ಕಾಣೂದಿಲ್ಲ. ಹೂದೋಟದಾಗ ದಿನಾ ಅದ ಮಾಡ್ತಾರ.”

ಅವ್ವ ಕತ್ತಿಯನ್ನು ಪಕ್ಕಕ್ಕಿಟ್ಟಳು. “ಏನಂದಿ?”

“ಸುರೀರಿ ಅಂದ್ನಿ.”

“ಅನ್ನ ಗಟಾರಕ್ಕ ಸುರೀಂತ ನನ್ನ ಹೊಟ್ಟ್ಯಾಗ ಹುಟ್ಟಿದ ಬಾಯಿಲೆ ಹೇಳ್ತಿ? ಎದಿ ಮ್ಯಾಲ ಕೈ ಇಟ್ಟು ಹೇಳು, ಈ ಮಾಬೂಬಿ ಮುಂದ ಹೇಳು. ಆಕಿ ಓಣ್ಯಾಗ ಒಂದ್ ಹಿಡಿ ಹಿಟ್ಟಿಗೆ ಎಂಥಾ ದಿನಾ ಬಂದಿದ್ದವು ಅಂತ ಆಕೀನ್ನ ಕೇಳು.”

ಮಾಬೂಬಿ ಮೊರದ ಅಂಚು ಬಿಗಿಯುತ್ತಲೇ ಇದ್ದಳು. ನನ್ನ ಸಿಟ್ಟು ಮಾತ್ರ ಇಳಿಯಲಿಲ್ಲ. ಹುಟ್ಟಿದಾಗಿನಿಂದ ನೋಡಿದ್ದೇನೆ, ಅವ್ವ ಎಲ್ಲರಿಗೂ ಬಡಿಸಿ, ಬಂದವರಿಗೆ ಹಾಕಿ, ಹೋಗುವವರಿಗೆ ಕಟ್ಟಿಕೊಟ್ಟು, ಕಡೆಗೆ ಬುಟ್ಟಿಯ ತಳದಲ್ಲಿ ಉಳಿದ ಮುರುಕು ರೊಟ್ಟಿ ತಿನ್ನುವವಳು. ಆ ಓಣಿಯ ಹೆಂಗಸರೆಲ್ಲ ಹಾಗೇ. ಹಸಿವಿಲ್ಲ ಎಂದು ಹೇಳಿ ಹೇಳಿಯೇ ಅವರ ಹೊಟ್ಟೆ ಬೆನ್ನಿಗೆ ಹತ್ತಿತ್ತು.

“ನಿನ್ನ ಈ ಚಟಾನ ನಮ್ಮನ್ನ ಕೊಲ್ಲೂದು” ಎಂದೆ. “ಎಲ್ಲಾರಿಗೂ ಹಾಕಿ ಕಡೀಕ ಉಣ್ಣೂ ಚಟ.”

“ಕಡೀಕ ಉಂಡವರು ಯಾರೂ ಸತ್ತಿಲ್ಲ, ಹೋಗ.”

“ಸಾಯ್ತಾರ. ಈ ಊರಾಗ ಕಡೀಕ ಉಂಡವರ ಮೊದ್ಲ ಸಾಯೂದು.”

ಅಷ್ಟು ಹೇಳಿ ಎದ್ದು ಬಂದೆ. ಅವ್ವ ಕಟ್ಟಿಕೊಟ್ಟ ರೊಟ್ಟಿಗಂಟನ್ನು ಮುಟ್ಟಲೂ ಇಲ್ಲ.

ಮರುದಿನ ಹಂಪಿಹೊಳಿ ಸಾಹೇಬರ ಮುಂದೆ ನಿಂತೆ. ಓಣಿಯ ತುದಿಗೆ ಒಂದು ತೊಟ್ಟಿ ಇಟ್ಟು, ಶ್ರಾವಣ ಮುಗಿಯುವವರೆಗೆ ಅದರಿಂದ ಪಾಕ ಹೀರಿಸೋಣ, ಆ ಪಾಕವನ್ನು ಕುಂಬಾರ ಓಣಿಯವರಿಗೆ ಕೊಡೋಣ ಎಂದು ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು. ಒರೆಸುವಾಗ ಅವರ ಮುಖದಲ್ಲಿ ನಿಜವಾಗಿಯೂ ಕನಿಕರವಿತ್ತು. ನನಗೆ ಹೆಚ್ಚು ಉರಿದದ್ದು ಅದಕ್ಕೇ.

“ಸಾವಂತ್ರಿಯವರೆ, ಒಂದು ಬಲಿತ ಎಲೆಗೆ ನೆರಳು ಬಿತ್ತು ಅಂತ ಇಟ್ಕೊಳ್ಳಿ. ಅದು ಇನ್ನು ಸಕ್ಕರೆ ಮಾಡಲ್ಲ. ಬೇರೆ ಎಲೆಗಳು ಅದಕ್ಕೆ ಊಟ ಕಳಿಸ್ತಾವಾ? ಇಲ್ಲ. ಬಲಿತ ಎಲೆಗೆ ಗಿಡ ಮತ್ತೆ ಉಣಿಸೋದಿಲ್ಲ. ಹಳದಿಯಾಗುತ್ತೆ, ಉದುರುತ್ತೆ. ಗಿಡ ಸೊಂಪಾಗೇ ಇರುತ್ತೆ. ಅದನ್ನ ಕ್ರೌರ್ಯ ಅಂತೀರಾ?”

“ಗಿಡಕ್ಕೆ ಅನ್ನೋದಿಲ್ಲ ಸರ್” ಎಂದೆ.

ಅವರಿಗೆ ಅರ್ಥವಾಯಿತೋ ಇಲ್ಲವೋ. ನಾನು ಮುಂದುವರಿಸಿದೆ. “ಉದುರುವ ಎಲೆ ತನ್ನಲ್ಲಿರುವ ಸಾರವನ್ನು ಗಿಡಕ್ಕೆ ಕೊಟ್ಟೇ ಉದುರುತ್ತೆ. ಅದನ್ನೂ ಹೇಳಿ. ನಿಮ್ಮ ಎಲೆಮನೆಯ ಹಾಳೆಗಳನ್ನು ಹೊತ್ತುಕೊಂಡಿರೋ ಬಿದಿರಿನ ತಟ್ಟಿಗಳನ್ನೆಲ್ಲ ಹೆಣೆದದ್ದು ಮೇದಾರ ಓಣಿ. ಆ ಓಣಿಯ ಕೈ ಇಲ್ಲದಿದ್ದರೆ ಈ ಊರಿಗೆ ಒಂದು ತೊಟ್ಟು ಪಾಕ ಇರ್ತಿರಲಿಲ್ಲ.”

“ಅದಕ್ಕೆ ನಾವು ಕೃತಜ್ಞರು. ಆದರೆ ನಾಳಕ್ಕೆ ಹಳೆಯ ಉಪಕಾರ ಗೊತ್ತಿರಲ್ಲ. ಈ ಸೋಮವಾರ ಹೊತ್ತು ಮುಳುಗುವಾಗ ಅಂಟು ಗಟ್ಟಿಯಾಗುತ್ತೆ ಅಂತ ಅಂದಾಜು. ನಾವು ನಿರ್ಧರಿಸ್ತಿಲ್ಲ, ನೆನಪಿಡಿ.”

“ಹಾಗಾದರೆ ಆ ಹಿಡಿಕೆ ಯಾತಕ್ಕೆ ಸರ್?”

ಗೋಡೆಯ ಮೂಲೆಯಲ್ಲಿ ಗಾಜಿನ ಹಿಂದೆ ಒಂದು ಕೆಂಪು ಹಿಡಿಕೆ ಇದೆ. ನಾಳ ಎಲ್ಲಾದರೂ ಒಡೆದರೆ ಆ ಕವಲನ್ನು ಕೈಯಿಂದ ಮುಚ್ಚುವುದಕ್ಕೆ. ನಾಳ ಹಾಕಿಸಿಕೊಳ್ಳುವಾಗ ಊರಿನ ಹಿರಿಯರು ಹಟ ಹಿಡಿದು ಒಂದು ಷರತ್ತು ಹಾಕಿದ್ದರು. ಹಿಡಿಕೆ ಎಳೆಯುವವರು ಮೊದಲು ಮೈಕಿನಲ್ಲಿ ತಮ್ಮ ಹೆಸರು ಹೇಳಬೇಕು, ಯಾವ ಓಣಿ, ಯಾಕೆ ಎಂದು ಹೇಳಬೇಕು. ಪ್ರತಿ ಮನೆಯ ಪೆಟ್ಟಿಗೆಯಲ್ಲೂ ಅದು ಕೇಳಿಸುತ್ತದೆ. ಹೆಸರು ಕೇಳದೆ ಹಿಡಿಕೆಯ ಬೀಗ ಬಿಚ್ಚುವುದಿಲ್ಲ.

“ಅದು ತುರ್ತಿಗೆ” ಎಂದರು ಸಾಹೇಬರು. “ಇದು ತುರ್ತಲ್ಲ.”

ಒಂದು ಓಣಿಯ ಅನ್ನ ನಿಲ್ಲುವುದು ತುರ್ತಲ್ಲ. ಈ ಮಾತನ್ನು ನುಂಗಿಕೊಂಡು ಮತ್ತೆ ಓಣಿಗೆ ಹೋದೆ. ಸಿಟ್ಟು ಮಾಡಿ ಎದ್ದು ಬಂದವಳಿಗೆ ಏನು ಮರ್ಯಾದೆ ಎಂದು ಬಾಗಿಲಲ್ಲೇ ನಿಂತರೆ ಅವ್ವ ನನ್ನನ್ನು ನೋಡಿ, “ಬಾ, ನಿನ್ನ ದಾರೀನ ನೋಡಾಕತ್ತಿದ್ನಿ. ಹೂದೋಟದಾಗ ಕೆಲಸಾ ಮಾಡೂ ಮಾಲಿಗೋಳು, ಡ್ರೈವರ್‌ಗೋಳು ಎಷ್ಟ್ ಮಂದಿ ಅದಾರ?” ಎಂದಳು.

“ಯಾಕ?”

“ಊಟಕ್ಕ ಕರೀಬೇಕು.”

ದಾರಿ ತೋರಿಸಿದವಳು ಮಾಬೂಬಿ. ನಾನು ಹೋದ ಮೇಲೆ ಮೊರವನ್ನು ಕೆಳಗಿಟ್ಟು ಹೇಳಿದ್ದಳಂತೆ. “ಫಕೀರಕ್ಕ, ಚೆಲ್ಲೂದು ಬ್ಯಾಡ, ಒಪ್ಪತ್ತು ಬಿಡೂದೂ ಬ್ಯಾಡ. ಶ್ರಾವಣದ ಕಡೀಕ ಪುರಾಣ ಮಂಗಲ ಅಂತ ಊರಿಗೆಲ್ಲಾ ಊಟ ಹಾಕ್ತೀರಲಾ, ಅದನ್ನ ಈ ಶ್ರಾವಣ ಸೋಮವಾರನ ಮಾಡಿದ್ರ ಏನಾಕ್ಕೈತಿ?” ಪುರಾಣ ಇನ್ನೂ ಅರ್ಧ ಆಗಿಲ್ಲ ಎಂದು ಅವ್ವ ಅಂದಾಗ, “ಊಟ ಮೊದ್ಲ ಆಗ್ಲಿ, ಕಥಿ ಆಮ್ಯಾಲ ಕೇಳೂಣು. ದೇವರಿಗೆ ಕಥಿ ಮೊದ್ಲ ಗೊತ್ತೈತಿ” ಎಂದಳಂತೆ. ಪುರಾಣ ಹೇಳುವ ಅಯ್ಯನವರು ನಕ್ಕು ಒಪ್ಪಿಕೊಂಡಿದ್ದರು.

ಸೋಮವಾರ ಬೆಳಿಗ್ಗೆ ಡಂಗುರ ಸಾರಿದರು. ಮೊದಲು ಬಂದವರು ಕುಂಬಾರ ಓಣಿಯವರು, ಸತ್ತ ಇತರ ಓಣಿಗಳವರು. ಆಮೇಲೆ ಊರಿಗೆ ಊರೇ ಬಂತು. ಹೂದೋಟದ ಮಾಲಿಗಳು ಕಾರಂಜಿಗಳನ್ನು ಹಾಗೇ ಬಿಟ್ಟು ಬಂದರು. ಒಂದೊಂದು ಮನೆಯ ಪೆಟ್ಟಿಗೆಯೂ ಬಾಯಿ ತೆರೆದುಕೊಂಡು ಹಿಟ್ಟು, ಬೇಳೆ, ಬೆಲ್ಲ ಸುರಿಯುತ್ತಿತ್ತು. ಓಣಿಯ ಉದ್ದಕ್ಕೂ ಕಲ್ಲು ಹೂಡಿ ಒಲೆ, ಒಲೆಗೊಬ್ಬ ಹೆಂಗಸು, ರೊಟ್ಟಿ ಬಡಿಯುವ ಸಪ್ಪಳ. ಇದನ್ನೆಲ್ಲ ನಾನು ಕಣ್ಣಿಂದ ನೋಡಲಿಲ್ಲ. ನಾನು ಕಂಡದ್ದು ಗೋಡೆಯ ಮೇಲಿನ ಗೆರೆ.

ಹಳದಿ ಗೆರೆ ಮಾಸಿತು, ಎಳೆ ಹಸಿರಾಯಿತು, ಹಸಿರಾಯಿತು. ಮಧ್ಯಾಹ್ನದ ಹೊತ್ತಿಗೆ ಮೇದಾರ ಓಣಿಯ ಒತ್ತಡ ಎಷ್ಟು ಇಳಿದಿತ್ತೆಂದರೆ ದೊಡ್ಡ ನಾಳದ ಕವಲಿನಲ್ಲಿ ಪಾಕ ಆ ಕಡೆಗೇ ವಾಲಿತು. ಗಿಡ ತನ್ನ ನಿಯಮವನ್ನು ಪಾಲಿಸಿತ್ತು, ಅಷ್ಟೇ. ಬೆಳೆಯುವ ಕಾಯಿ ಎಲ್ಲಿದೆಯೋ ಅಲ್ಲಿಗೆ. ಹೂದೋಟ ಬಡಾವಣೆ ತಿಳಿ ಹಸಿರಾಯಿತು, ಆಮೇಲೆ ನಾನು ಆ ಗೋಡೆಯ ಮೇಲೆ ಎಂದೂ ನೋಡದ ಒಂದು ಬಣ್ಣಕ್ಕೆ ಬಂತು. ಫೋನುಗಳು ಹೊಡೆದುಕೊಳ್ಳತೊಡಗಿದವು.

ಹಂಪಿಹೊಳಿ ಸಾಹೇಬರು ಓಡಿಬಂದರು. “ಏನಿದು? ಹೂದೋಟದಲ್ಲಿ ಕಾರಂಜಿ ನಿಂತಿದೆ, ತಂಪು ನಿಂತಿದೆ.”

“ಮೇದಾರ ಓಣಿ ಹೀರ್ತಿದೆ ಸರ್. ಊಟ ನಡೆದಿದೆ.”

“ಇದು ಊಟ ಅಲ್ಲ, ಗಂಟುರೋಗ. ಹುಳ ಕೊರೆದ ಜಾಗದಲ್ಲಿ ಗಂಟು ಬೆಳೆದು ಗಿಡದ ಸಾರವನ್ನೆಲ್ಲ ಎಳೆದುಕೊಳ್ಳುತ್ತಲ್ಲ, ಅದು. ಮುಚ್ಚಿ ಆ ಕವಲನ್ನ.”

“ಅಲ್ಲಿ ಊರ ಮಂದಿ ಉಣ್ತಿದ್ದಾರೆ ಸರ್.”

“ಇದು ಅಸಹಜ.”

“ಉಣ್ಣೋದು ಅಸಹಜ, ಕಾರಂಜಿ ಸಹಜ.”

“ಸಾವಂತ್ರಿಯವರೆ, ಹಿಡಿಕೆ ಎಳೀರಿ. ಇದು ಆದೇಶ.”

ನಾನು ಕುರ್ಚಿಯಿಂದ ಏಳಲಿಲ್ಲ. “ಇಲ್ಲಿ ನಿರ್ಧಾರ ಮಾಡುವವರೇ ಇಲ್ಲ ಅಂದಿದ್ರಿ. ಕುಂಬಾರ ಓಣಿಯವರಿಗೆ ಮೆಟ್ಟಿಲ ಮೇಲೆ ನಿಂತು ಹೇಳಿದ್ರಿ. ಅವರಿಗೆ ಕೊಡೋವಾಗ ನಿಮಗೆ ಕೈ ಇರಲಿಲ್ಲ. ಈಗ ಕಿತ್ತುಕೊಳ್ಳೋವಾಗ ಎಲ್ಲಿಂದ ಬಂತು? ನಾನು ಎಳೆಯಲ್ಲ. ನಿಮ್ಮ ಕೈಯಿಂದಲೇ ಎಳೀರಿ.”

ಅವರು ಗಾಜು ಸರಿಸಿದರು. ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದರಲ್ಲಿ ಮೈಕು. ಗಂಟಲು ಸರಿಮಾಡಿಕೊಂಡು, “ನಿಯಂತ್ರಣ ಕೊಠಡಿಯಿಂದ ಒಂದು ಪ್ರಕಟಣೆ” ಎಂದರು. ಬೀಗ ಬಿಚ್ಚಲಿಲ್ಲ. “ಆಡಳಿತದ ಪರವಾಗಿ” ಎಂದರು. ಬಿಚ್ಚಲಿಲ್ಲ.

“ನಿಮ್ಮ ಹೆಸರು ಸರ್” ಎಂದೆ.

ಊರಿನ ಪ್ರತಿ ಪೆಟ್ಟಿಗೆಯಲ್ಲೂ ಅವರ ಉಸಿರಾಟ ಕೇಳಿಸುತ್ತಿತ್ತು. ಪೆಟ್ಟಿಗೆಗೆ ದೂರು ಹೇಳುವ ಗುಂಡಿಯೊಂದಿದೆ. ಯಾರೋ ಅದನ್ನು ಒತ್ತಿದರು. ಕೊಠಡಿಯ ತುಂಬ ರೊಟ್ಟಿ ಬಡಿಯುವ ಸಪ್ಪಳ, ಮಂದಿಯ ಗದ್ದಲ, ಅದರ ನಡುವೆ ನನ್ನವ್ವನ ದನಿ. “ಯಾರ್ರೀ ಅದು ಮಾತಾಡಾವ್ರು? ಹೆಸರು ಕೇಳಸವಲ್ದು, ಜ್ವಾರಾಗಿ ಹೇಳ್ರಿ.” ಸ್ವಲ್ಪ ತಡೆದು, “ಯಾರಿದ್ರೂ ಇರ್ರಿ, ಊಟಕ್ಕ ಬರ್ರಿ. ಪಂಕ್ತಿ ಇನ್ನ ನಡದೈತಿ.”

ಸಾಹೇಬರು ಮೈಕನ್ನು ಮೇಜಿನ ಮೇಲಿಟ್ಟರು.

ಅವರ ಮನಸ್ಸು ಕರಗಿತು ಎಂದು ನಾಳೆ ಯಾರಾದರೂ ನಿಮಗೆ ಹೇಳಿದರೆ ನಂಬಬೇಡಿ. ನಾನು ಎದುರಿಗೇ ಕೂತಿದ್ದೆ. ಕರಗಿದ್ದೇನೂ ಇಲ್ಲ. ಓಣಿಯನ್ನು ಸಾಯಿಸಲು ಅವರಿಗೆ ಅಂಜಿಕೆ ಇರಲಿಲ್ಲ, ಸಾಯಿಸಿದವನು ನಾನು ಎಂದು ಹೇಳಲು ಇತ್ತು. ಅವರು ಗಾಜನ್ನು ಮುಚ್ಚಿ, ಒಂದು ಕುರ್ಚಿ ಎಳೆದುಕೊಂಡು ಗೋಡೆಯ ಮುಂದೆ ಕೂತರು. “ಸಂಜೆ ತನಕ ತಾನೆ? ಉಂಡವರು ಏಳ್ತಾರೆ, ಮನೆಗೆ ಹೋಗ್ತಾರೆ. ಹೊತ್ತು ಮುಳುಗುವಾಗ ಎಷ್ಟು ಹೀರ್ತಿದೆ ಅನ್ನೋದೇ ಲೆಕ್ಕ. ಪ್ರಕೃತಿ ತನ್ನ ಕೆಲಸ ಮಾಡುತ್ತೆ” ಎಂದರು.

ಅದು ಸುಳ್ಳಲ್ಲ. ಬಿಸಿಲು ಇಳಿಯುತ್ತಿದ್ದಂತೆ ಎಲೆಮನೆಗಳು ಕೆಲಸ ನಿಲ್ಲಿಸುತ್ತವೆ, ನಾಳದ ಒತ್ತಡ ತಗ್ಗುತ್ತದೆ. ಯಾವ ಕವಲನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ಅದು ತೂಗುವುದು ಆಗಲೇ.

ಪಶ್ಚಿಮದ ಕಿಟಕಿ ಕೆಂಪಾಯಿತು. ಪಂಕ್ತಿಗಳು ಎದ್ದವು. ಅದು ಗೋಡೆಯ ಮೇಲೆ ಕಾಣುತ್ತಿತ್ತು. ಮೇದಾರ ಓಣಿಯ ಹಸಿರು ತೆಳುವಾಯಿತು, ಎಳೆ ಹಸಿರಾಯಿತು, ಅಂಚಿನಲ್ಲಿ ಹಳದಿ ಇಣುಕಿತು. ಒಂದು ಇಡೀ ಊರು ಉಂಡು ಕೈ ತೊಳೆದು ಹೊರಟುಹೋಗಿತ್ತು. ಹೂದೋಟದಲ್ಲಿ ಒಂದೊಂದಾಗಿ ದೀಪ ಹತ್ತಿದವು. ಏನಾದರೂ ಸುಡಿರಿ, ಏನಾದರೂ ಸುರಿಯಿರಿ ಎಂದು ಅವ್ವನಿಗೆ ಮೈಕಿನಲ್ಲಿ ಕೂಗಿಬಿಡಲೇ ಅನ್ನಿಸಿತು. ಅವಳು ಸುರಿಯುವುದಿಲ್ಲ. ನನಗೆ ಗೊತ್ತು. ಆ ಹಟಮಾರಿ ಓಣಿಯಲ್ಲಿ ಒಬ್ಬಳೂ ಸುರಿಯುವುದಿಲ್ಲ. ಕಣ್ಣಲ್ಲಿ ನೀರು ಬಂತು, ಸಾಹೇಬರ ಮುಂದೆ ಒರೆಸಿಕೊಳ್ಳಬಾರದೆಂದು ಹಾಗೇ ಬಿಟ್ಟೆ.

ಗೆರೆ ಹಳದಿಗೆ ಬಂದು ನಿಂತಿತು.

ನಿಂತದ್ದು ಕೆಳಗಿಳಿಯಲಿಲ್ಲ. ಸ್ವಲ್ಪ ನಡುಗಿತು. ಆಮೇಲೆ ನಿಧಾನವಾಗಿ, ಮನೆಯಿಂದ ಮನೆಗೆ, ಒಂದೊಂದು ಪೆಟ್ಟಿಗೆಯಾಗಿ ಏರತೊಡಗಿತು. ಒಂದು ಮನೆ, ಇನ್ನೊಂದು ಮನೆ, ಓಣಿಯ ಈ ತುದಿಯಿಂದ ಆ ತುದಿಯವರೆಗೆ. ಹಳದಿ ಹೋಯಿತು, ಹಸಿರು ಗಟ್ಟಿಯಾಯಿತು. ಗೋಡೆಯ ಕೆಳ ಅಂಚಿನಲ್ಲಿ, ಅಂಟು ಕರಗುತ್ತಿದೆ ಎಂಬ ಗುರುತು ಮಿನುಗಿತು.

ಸಾಹೇಬರು ಕುರ್ಚಿಯಿಂದ ಎದ್ದು ಗೋಡೆಯ ಹತ್ತಿರ ಹೋದರು. “ಊರೆಲ್ಲ ಉಂಡು ಹೋಯಿತಲ್ಲ. ಇನ್ನೂ ಯಾರು ಉಣ್ತಿದ್ದಾರೆ ಅಲ್ಲಿ?”

“ಬಡಿಸಿದವರು ಸರ್” ಎಂದೆ.